ಏಳು ಬೊಟ್ಟು

ತುಕ್ಕಿನ ವಿಷಯದಲ್ಲಿ ನನ್ನ ಮುಂದೆ ಯಾರೂ ಬಾಯಿ ಬಿಡಬಾರದು ಎಂಬ ಜಂಬ ನನಗೆ. ಹಾವೇರಿ ಕಡೆಯಿಂದ ಬಂದು ವಿಶಾಖಪಟ್ಟಣದ ನೌಕಾಪಡೆಯಲ್ಲಿ ಮೂವತ್ತು ವರ್ಷ ಹಡಗುಗಳ ತುಕ್ಕು ಕೆರೆದವನು. ನನ್ನ ಮಗಳು ಸಿಂಧೂರ ವಿಜಯವಾಡದ ಸೊಸೆ. ಅವಳ ಮಾವ ರಾಮಮೋಹನ್ ತಮ್ಮ ತಂದೆಯ ಕಾಲದ ಹಳೇ ಫಿಯೆಟ್ ಕಾರನ್ನು ಹೊಸದು ಮಾಡಿಸಬೇಕೆಂದಾಗ, "ಬ್ಯಾರೆ ಯಾರ ಕೈಗೂ ಕೊಡಬ್ಯಾಡ್ರಿ ಬೀಗರ" ಎಂದು ನಾನೇ ಮೈಮೇಲೆ ಎಳೆದುಕೊಂಡು ಗಾಡಿಯನ್ನು ವಿಶಾಖಪಟ್ಟಣದ ನನ್ನ ಮನೆಗೆ ತರಿಸಿದೆ.

ಬಣ್ಣವೆಲ್ಲ ಮುಗಿದು ಕೊನೆಗೆ ಉಳಿದದ್ದು ಎಡಬದಿಯ ಉದ್ದಕ್ಕೂ ಕೂರುವ ಹೊಳೆಯುವ ಕ್ರೋಮ್ ಪಟ್ಟಿ. ಅದನ್ನು ಕೂರಿಸಲು ಗಾಡಿಯ ತಗಡಿಗೆ ಹತ್ತು ತೂತು ಕೊರೆದೆ. ಪ್ರತಿ ತೂತಿನ ಅಂಚಿಗೂ ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ ಬಳಿದು, ಒಣಗಿಸಿ, ಆಮೇಲೆ ಕ್ಲಿಪ್ ಕೂರಿಸಬೇಕು. ಇಲ್ಲದಿದ್ದರೆ ನೀರು ಪಟ್ಟಿಯ ಹಿಂದೆ ನಿಂತು ತಗಡನ್ನು ತಿಂದುಬಿಡುತ್ತದೆ. ಪಕ್ಕದಲ್ಲಿ ನಿಂತಿದ್ದ ಬೀಗರಿಗೆ ಇದನ್ನೆಲ್ಲ ಭಾಷಣ ಬಿಗಿಯುತ್ತ ಮೂರು ತೂತಿಗೆ ಬಳಿದೆ. ಮರುದಿನ ಬೆಳಿಗ್ಗೆ ವಿಜಯವಾಡದ ಕನಕದುರ್ಗಮ್ಮನ ಸನ್ನಿಧಿಯಲ್ಲಿ ಗಾಡಿ ಪೂಜೆ ನಿಗದಿಯಾಗಿತ್ತು, ಮಧ್ಯಾಹ್ನವೇ ಹೊರಡಬೇಕು. ಅವರನ್ನು ಊಟಕ್ಕೆ ಒಳಗೆ ಕಳಿಸಿ, ಉಳಿದ ಏಳಕ್ಕೆ ಹಾಗೆಯೇ ಕ್ಲಿಪ್ ಒತ್ತಿ ಪಟ್ಟಿ ಮುಚ್ಚಿಬಿಟ್ಟೆ. ಯಾರಿಗೆ ಕಾಣುತ್ತದೆ?

ಎರಡು ಮಳೆಗಾಲ ಕಳೆದು ಈ ದಸರೆಗೆ ವಿಜಯವಾಡಕ್ಕೆ ಹೋದೆ. ಅಂಗಳದಲ್ಲಿ ಫಿಯೆಟ್‌ಗೆ ಪೂಜೆಯಾಗಿತ್ತು. ಪಟ್ಟಿಯ ಕೆಳಗೆ ಸಾಲಾಗಿ ಏಳು ಅರಿಸಿನದ ಬೊಟ್ಟು, ನಡುವೆ ಕುಂಕುಮ.

"ಏನ್ರೀ ಅಕ್ಕಾರ, ಗಾಡಿಗೆ ಮದುಮಗಳ ಹಾಂಗ ಸಿಂಗಾರ ಮಾಡೀರಿ!" ಎಂದು ಬೀಗರ ಹೆಂಡತಿ ರಾಜ್ಯಲಕ್ಷ್ಮಿಯವರನ್ನು ಕೆಣಕಿದೆ. ಅವರು ನಗಲಿಲ್ಲ. ನಾನು ಒಂದು ಬೊಟ್ಟನ್ನು ಸವರಿದೆ. ಅರಿಸಿನದ ಅಡಿಯಲ್ಲಿ ಬಣ್ಣ ಉಬ್ಬಿತ್ತು. ತುಕ್ಕಿನ ಪುಡಿ ಬೆರಳಿಗಂಟಿತು.

ಸಂಗತಿ ನನಗೆ ತಕ್ಷಣ ಗೊತ್ತಾಯಿತು. ಆದರೂ ಈ ಬಾಯಿ ಸುಮ್ಮನಿರಬೇಕಲ್ಲ! "ಇದಕ್ಕ ನಿಮ್ಮೂರ ಯಾವನೋ ಮೆಕ್ಯಾನಿಕ್ ಕೈ ಹಚ್ಯಾನ. ನನ್ನ ಕೆಲಸ ಹಿಂಗ ಇರೂದಿಲ್ಲ!" ಎಂದು ಎಲ್ಲರೆದುರು ಹಾರಾಡಿದೆ.

"ಹೌದು ಬಾವಗಾರು, ಯಾರೋ ಮುಟ್ಟಿರ್ಬೇಕು," ಎಂದರು ರಾಮಮೋಹನ್ ತಮ್ಮ ತೆಲುಗು ಬೆರೆತ ಕನ್ನಡದಲ್ಲಿ; ಬೀಗನಾದ ನಾನು ಅವರಿಗೆ 'ಬಾವಗಾರು'. "ಬನ್ನಿ, ಊಟ ಆರಿಹೋಗ್ತದೆ."

ಆ ಗಾಡಿಯನ್ನು ಅವರು ಯಾರಿಗೂ ಮುಟ್ಟಲು ಕೊಡುವವರಲ್ಲ. ನನ್ನ ಸುಳ್ಳಿಗೆ ಅವರು ಹೆಗಲು ಕೊಟ್ಟದ್ದು ಕಂಡು ನಾಚಿಕೆಯಾಯಿತು. ಪಟ್ಟಿಯನ್ನು ನಾನೇ ಕಿತ್ತೆ. ಮೂರು ತೂತು ಇನ್ನೂ ಗಟ್ಟಿಯಾಗಿದ್ದವು. ಉಳಿದವುಗಳ ಅಂಚು ಹಪ್ಪಳದಂತೆ ಮುರಿಯಿತು.

"ಯಾರೂ ಮುಟ್ಟಿಲ್ಲ ಬೀಗರ," ಎಂದೆ. "ಈ ಏಳಕ್ಕ ನಾ ಬಣ್ಣಾನ ಹಚ್ಚಿದ್ದಿಲ್ಲ. ನಿಮ್ಮನ್ನ ಉಣ್ಣಾಕ ಕಳಿಸಿ ಮೋಸ ಮಾಡೇನಿ."

ಅವರು ತಪ್ಪು ತಮ್ಮದೇ ಎಂಬಂತೆ ನೆಲ ನೋಡಿದರು. "ಗೊತ್ತು ಬಾವಗಾರು. ಅವತ್ತು ಕೈ ತೊಳೆಯುವಾಗ ಕಿಟಕಿಯಿಂದ ನೋಡಿದ್ದೆ. ಸಿಂಧೂರಳ ತಂದೆಗೆ ಹೇಗೆ ಹೇಳೋದು?"

ನನ್ನ ಮರ್ಯಾದೆ ಉಳಿಯಲೆಂದು ಅವರು ತಮ್ಮ ಅಪ್ಪನ ಗಾಡಿಯನ್ನು ಎರಡು ಮಳೆಗಾಲ ತುಕ್ಕಿಗೆ ಬಿಟ್ಟಿದ್ದರು.