ಮುಖಪುಟದ ಕಲ್ಲು

“ವಾಡೆ ಸರಿಸ್ರಿ. ಅದರ ಬುಡದಾಗಿನ ಕಲ್ಲು ತಗೊಂಡು ಹೋಗ್ರಿ,” ಎನ್ನುತ್ತ ಈರಮ್ಮ ತಾನೇ ಮುಂದಾಗಿ ಜೋಳ ತುಂಬಿಡುವ ವಾಡೆಗೆ ಕೈಹಚ್ಚಿದಳು.

ಕ್ರಿಯಾಕರ್ಮ ಮಾಡಿಸಲು ಬಂದ ಅಯ್ಯನವರು ಕೇಳಿದ್ದು ಇಷ್ಟೇ: ಸಮಾಧಿಯ ಗುಂಡಿ ಮುಚ್ಚಿದ ಮೇಲೆ ತಾವು ನಿಂತು ಪಾದ ತೊಳೆಸಿಕೊಳ್ಳಲಿಕ್ಕೆ ಒಂದು ಚಪ್ಪಟೆ ಕಲ್ಲು. ಬೀದರಿನಂಥ ಊರಿನಲ್ಲಿ ಕಲ್ಲಿಗೇನು ಬರವೇ? ಕೋಟೆಯ ಮಗ್ಗುಲಿಗೆ ಹೋದರೆ ಎತ್ತಿನ ಗಾಡಿ ತುಂಬ ತರಬಹುದು. ಅಂಥದರಲ್ಲಿ ಗಂಡ ಸತ್ತು ಒಂದು ಹಗಲು ಕಳೆಯದ ಹೆಂಗಸು, ಆಳೆತ್ತರದ ಮಣ್ಣಿನ ವಾಡೆ ಸರಿಸಿ, ಅದಕ್ಕೆ ಪೀಠವಾಗಿದ್ದ ಕಲ್ಲನ್ನೇ ಕೊಡುತ್ತೇನೆಂದು ಹಟ ಹಿಡಿದರೆ ಬಂದವರಿಗೆ ಸೋಜಿಗವಾಗದೆ ಇದ್ದೀತೇ?

ಪಡಸಾಲೆಯ ಗೋಡೆಗೆ ಆನಿಸಿ ಮನ್ಮಥಪ್ಪನನ್ನು ಪದ್ಮಾಸನದಲ್ಲಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಎಡ ಅಂಗೈಯಲ್ಲಿ ಇಷ್ಟಲಿಂಗ. ಛಾಪಖಾನೆಯಲ್ಲಿ ಜನ್ಮ ಸವೆಸಿದ ಕೈ. ಎಷ್ಟು ಉಜ್ಜಿ ತೊಳೆದರೂ ಉಗುರಿನ ಸಂದಿಯ ಮಸಿ ಹೋಗಿರಲಿಲ್ಲ.

ಬಾಗಿಲ ಬಳಿ ನಿಂತಿದ್ದ ನಜಮೋದ್ದೀನ ಒಮ್ಮೆಲೆ ಒಳಗೆ ಬಂದ. ಮನ್ಮಥಪ್ಪ ಬರೆದದ್ದನ್ನೆಲ್ಲ ಛಾಪಖಾನೆಯ ಕಲ್ಲಿಗೆ ಒತ್ತಿ ಅಚ್ಚು ತೆಗೆಯುತ್ತಿದ್ದವನು ಇವನೇ.

“ಆ ಕಲ್ಲು ಬ್ಯಾಡರಿ ವೈನಿ. ನಾ ಬ್ಯಾರೆ ತರ್ತೇನಿ.”

ಈರಮ್ಮನ ಎದೆಯಲ್ಲಿ ಇಷ್ಟು ವರ್ಷ ಕುಟುಕುತ್ತಿದ್ದ ಮುಳ್ಳು ಈಗ ಪೂರ್ತಿ ಒಳಗೆ ಇಳಿಯಿತು. ಹಾಗಾದರೆ ತನ್ನ ಗುಮಾನಿ ಸುಳ್ಳಲ್ಲ. ಕಲ್ಲಿನಡಿ ಇರುವವಳು ಅವಳೇ.

“ಯಾಕ ಬ್ಯಾಡ? ಅದರಾಗ ಯಾರದಾರ ನನಗ ಗೊತ್ತದರಿ. ಇವತ್ತಾದ್ರೂ ಆಕಿ ನನ್ನ ಮನಿ ಬಿಟ್ಟು ಹೋಗ್ಲಿ.”

ನಜಮೋದ್ದೀನನ ತುಟಿ ಅಲುಗಿತು. ತವರೂರು ಸಾಯಗಾಂವದಿಂದ ಬಂದಿದ್ದ ಈರಮ್ಮನ ತಂಗಿ ಶಾಂತಾಬಾಯಿಯನ್ನೂ, ಸುತ್ತಲಿದ್ದ ಮಂದಿಯನ್ನೂ ನೋಡಿ ಅವನು ಮತ್ತೆ ಬಾಗಿಲಿಗೆ ಸರಿದ. ನಾಲ್ಕು ಜನ ಸೇರಿ ಕಲ್ಲನ್ನು ಹೊರಗೆಳೆದರು.

*

ಎಷ್ಟೋ ವರ್ಷಗಳ ಹಿಂದಿನ ಮಾತು. ಛಾಪಖಾನೆಯ ಧಣಿ ಅಮೀರ ಪಾಶಾನಿಗೆ ಆಗ ಸಂಗೀತದ ಹುಚ್ಚು ಹಿಡಿದಿತ್ತು. ಸಣ್ಣ ಜಾಗೀರುದಾರ, ಸ್ವಂತ ಛಾಪಖಾನೆ, ಹೇಳುವವರು ಕೇಳುವವರು ಯಾರೂ ಇಲ್ಲ. ಹೈದರಾಬಾದಿನವರೇ ಬೆರಗಾಗುವಂಥ ಸಂಗೀತದ ಪತ್ರಿಕೆಯೊಂದನ್ನು ಬೀದರಿನಿಂದ ಹೊರಡಿಸುತ್ತೇನೆಂದು ಕೂತ. ಮೊದಲ ಸಂಚಿಕೆಯ ಮುಖಪುಟಕ್ಕೆ ಔರಾದದ ಗಾಯಕಿ ಮಾಣಿಕಬಾಯಿಯ ಚಿತ್ರವೇ ಆಗಬೇಕು. ಮನ್ಮಥಪ್ಪ ಅಲ್ಲಿಯವರೆಗೆ ಉರ್ದು ಅಕ್ಷರ ಬರೆದುಕೊಂಡಿದ್ದವನು. ಅಕ್ಷರವನ್ನು ಹಳದಿ ಕಾಗದದ ಮೇಲೆ ಬರೆಯುವುದು, ಆ ಕಾಗದವನ್ನು ಕಲ್ಲಿಗೆ ಒತ್ತುವುದು, ಕಲ್ಲಿನಿಂದ ಅಚ್ಚು ತೆಗೆಯುವುದು. ಅವನನ್ನೇ ಕರೆದು, ಔರಾದಕ್ಕೆ ಹೋಗಿ ಅವಳನ್ನು ಕಣ್ಣಾರೆ ನೋಡಿಕೊಂಡು ಬಾ ಎಂದು ಗಾಡಿ ಕಟ್ಟಿಸಿ ಕಳಿಸಿದ.

ಔರಾದದಿಂದ ತಿರುಗಿ ಬಂದ ಗಂಡ ಬೇರೆಯೇ ಆಗಿದ್ದ. ರೊಟ್ಟಿ ತಟ್ಟುವಾಗ, ನೀರು ಸೇದುವಾಗ ಈರಮ್ಮ ತಲೆಯೆತ್ತಿದರೆ ಅವನು ಅವಳ ಕಡೆಯೇ ನೋಡುತ್ತಿರುತ್ತಿದ್ದ. ಏನು ಅಂದರೆ ಏನಿಲ್ಲ ಅನ್ನುತ್ತಿದ್ದ. ಮಾಡಿದ ತಪ್ಪಿಗೆ ಹೆಂಡತಿಯ ಮುಖ ನೋಡಿ ಅಳುಕುತ್ತಿದ್ದಾನೆ ಎಂದೇ ಅವಳು ತಿಳಿದಳು.

ಪತ್ರಿಕೆ ಹೊರಬಿತ್ತು. ಸಂಗೀತ ಬಲ್ಲವರು ನಕ್ಕರು. ಮುಖಪುಟದ ಹೆಂಗಸು ತಂಬೂರಿಯನ್ನು ಎಡಗೈಯಲ್ಲಿ ಮೀಟುತ್ತಿದ್ದಳು. ಅಕ್ಷರ ಬರೆಯುವವನಿಗೆ ತಂಬೂರಿಯ ಗಂಧವೆಲ್ಲಿ ಎಂದು ಅಮೀರ ಪಾಶಾ ತೇಲಿಸಿಬಿಟ್ಟ. ಮುಖ ಮಾತ್ರ ಮಾಣಿಕಬಾಯಿಯದೇ, ಬಲಮೂಗಿನ ಮೂಗುತಿ ನೋಡಿರಿ, ಅವಳ ತಾಯಿ ತೆಲಂಗಾಣದ ಕಡೆಯವಳು, ಅವರ ಮನೆಯ ರೂಢಿಯೇ ಅದು ಎಂದು ಸಿಕ್ಕಸಿಕ್ಕವರಿಗೆ ತೋರಿಸಿದ. ಪತ್ರಿಕೆಯ ಮಾಲೀಕನೇ ಹೇಳಿದ ಮೇಲೆ ಅಲ್ಲವೆನ್ನುವವರು ಯಾರು? ಬರೆದವನಿಗೆ ಮಾಣಿಕಬಾಯಿಯ ಮೇಲೆ ಮನಸ್ಸಿಲ್ಲದಿದ್ದರೆ ಚಿತ್ರದ ಕಣ್ಣಿಗೆ ಆ ಕಳೆ ಬರುತ್ತಿತ್ತೇ ಎಂದು ಓಣಿಯ ಹೆಂಗಸರು ಈರಮ್ಮನ ಎದುರಿಗೇ ಆಡಿದರು.

ಅಂದು ಸಂಜೆ ಮನ್ಮಥಪ್ಪ ಪತ್ರಿಕೆಯ ಒಂದು ಪ್ರತಿ ಹಿಡಿದುಕೊಂಡು ಬಂದ. ಅವನ ಮುಖದಲ್ಲಿ ನಗುವಿತ್ತು. ಏನೋ ಹೇಳಲಿಕ್ಕೆ ಬಾಯಿ ತೆರೆದ. ಆ ನಗು ನೋಡಿಯೇ ಈರಮ್ಮನ ಮೈ ಉರಿದುಹೋಯಿತು.

“ಮೊದಲ ಲಿಂಗ ಮುಟ್ಟಿ ಹೇಳ್ರಿ. ಆ ಮಾರಿ ಸುದ್ದಿ ಈ ಮನಿಯಾಗ ಎಂದೂ ಎತ್ತೂದಿಲ್ಲಂತ ಹೇಳ್ರಿ. ಇಲ್ಲಾಂದ್ರ ಈಗಿಂದೀಗ ಸಾಯಗಾಂವಕ್ಕ ಹೋಗ್ತೇನಿ.”

ಅವನು ಪತ್ರಿಕೆಯನ್ನು ಕೆಳಗಿಟ್ಟ. ಆಮೇಲೆ ಎದೆಯ ಮೇಲಿನ ಲಿಂಗವನ್ನು ಮುಟ್ಟಿದ. ಪತ್ರಿಕೆಯನ್ನು ಒಲೆಗೆ ಹಾಕಿದವಳು ಈರಮ್ಮ.

ಒಲೆಗೆ ಹಾಕಿದರೆ ಹೋಗುತ್ತಾಳೆಯೇ ಮುಖಪುಟದವಳು? ಪತ್ರಿಕೆ ನಾಲ್ಕಾರು ಸಂಚಿಕೆಗೇ ಮುಳುಗಿತು. ಉಳಿದ ಪ್ರತಿಗಳು ರದ್ದಿಗೆ ಬಿದ್ದವು. ಭಾಲ್ಕಿಯ ಸಂತೆಯಲ್ಲಿ ಅರಿಸಿನ ಕೊಂಡರೆ ಪೊಟ್ಟಣದ ಮೇಲೆ ಅವಳು. ಬಳೆಗಾರನ ಅಂಗಡಿಯ ಬಾಗಿಲಿಗೆ ಅಂಟಿಸಿದ್ದರಲ್ಲೂ ಅವಳು, ಅದೇ ಬಲಮೂಗಿನ ಮೂಗುತಿ, ಅದೇ ನೋಟ. ಆ ದಿನಗಳಲ್ಲೇ ಮನ್ಮಥಪ್ಪ ಛಾಪಖಾನೆಯಿಂದ ಒಂದು ಕಲ್ಲು ತಂದು, ವಾಡೆಗೆ ಗೆದ್ದಲು ಹತ್ತುತ್ತದೆ ಎಂದು ನೆಪ ಹೇಳಿ, ನುಣುಪು ಮಗ್ಗುಲನ್ನು ನೆಲಕ್ಕೆ ಮಾಡಿ ಹಾಸಿದ. ಅದನ್ನು ಹೊರಳಿಸಲಿಕ್ಕೆ ಯಾರನ್ನೂ ಬಿಡಲಿಲ್ಲ. ದಿನಾ ಜೋಳ ತೆಗೆಯಲು ಬಗ್ಗಿದಾಗ ಈರಮ್ಮನಿಗೆ ಕೆಳಗೆ ಯಾರೋ ಉಸಿರು ಬಿಗಿಹಿಡಿದು ತನ್ನ ಮಾತು ಕೇಳಿಸಿಕೊಳ್ಳುತ್ತಿರುವಂತೆ ಆಗುತ್ತಿತ್ತು. ಎಷ್ಟೋ ಸಲ ಬೈದು, ಮೊರ ಕುಟ್ಟಿ ಎದ್ದು ಬಂದಿದ್ದಳು. ಗಂಡನ ಜೊತೆ ಬಾಳಿದಳು, ಬೇನೆಯಲ್ಲಿ ಸೇವೆ ಮಾಡಿದಳು. ಮನಸ್ಸು ಬಿಚ್ಚಿ ಒಂದು ಮಾತು ಆಡಲಿಲ್ಲ.

*

ಅಷ್ಟೂರಿನ ದಾರಿಯ ಹೊಲದಲ್ಲಿ ಗುಂಡಿ ತೆಗೆದಿದ್ದರು. ಮನ್ಮಥಪ್ಪನನ್ನು ಕೂತ ಭಂಗಿಯಲ್ಲೇ ಇಳಿಸಿ, ವಿಭೂತಿ ಬಿಲ್ವಪತ್ರೆ ತುಂಬಿ, ಮಣ್ಣೆಳೆದು ಮುಚ್ಚಿದರು. ಮೇಲೆ ಕಲ್ಲಿಟ್ಟರು. ಒರಟು ಮಗ್ಗುಲು ಮಣ್ಣಿಗೆ, ನುಣುಪು ಮಗ್ಗುಲು ಆಕಾಶಕ್ಕೆ. ಈರಮ್ಮ ಬಗ್ಗಿ ನೋಡಿದಳು. ಮಾಸಲು ಹಳದಿ ಕಲ್ಲು, ಧೂಳು ಬಿಟ್ಟರೆ ಏನೂ ಇರಲಿಲ್ಲ.

ಅಯ್ಯನವರು ಕಲ್ಲನ್ನೇರಿ ನಿಂತರು. ಈರಮ್ಮ ಚೊಂಬಿನಿಂದ ಅವರ ಪಾದಕ್ಕೆ ನೀರು ಹಾಕಿದಳು. ನೀರು ಹರಿದ ಕಡೆ ಕಲ್ಲು ತೊಯ್ದು ಕಪ್ಪಾಗುತ್ತ ಹೋಯಿತು. ಆದರೆ ಅಲ್ಲಲ್ಲಿ ನೀರು ನಿಲ್ಲದೆ ಜಾರಿತು. ಒಂದು ಹುಬ್ಬು ತೋರಿತು, ಕೆನ್ನೆ ತೋರಿತು. ಅಯ್ಯನವರು ಕೆಳಗೆ ನೋಡಿ, ಬೆಂಕಿ ತುಳಿದವರಂತೆ ಹಿಂದೆ ಸರಿದು ಇಳಿದರು. ಅವರ ಪಾದವಿದ್ದಲ್ಲಿ ಹೆಣ್ಣಿನ ಮುಖವೊಂದು ಕಣ್ಣು ತೆರೆದು ಮಲಗಿತ್ತು.

ಮಂದಿ ಹಿಂದೆ ಸರಿದರು. ಶಾಂತಾಬಾಯಿ ಮಾತ್ರ ಹತ್ತಿರ ಬಂದು ಬಗ್ಗಿದಳು. ಅವಳು ಆ ಪತ್ರಿಕೆಯನ್ನು ಎಂದೂ ನೋಡಿದವಳಲ್ಲ.

“ಅಕ್ಕಾ,” ಎಂದಳು ಮೆಲ್ಲಗೆ, “ಇದು ನೀನ ಅದಿ ನೋಡು.”

ಈರಮ್ಮ ತಂಗಿಯನ್ನು ನೋಡಿದಳು, ಕಲ್ಲನ್ನು ನೋಡಿದಳು. ಮನೆಯಲ್ಲಿದ್ದದ್ದು ಕುಂಕುಮ ಇಟ್ಟುಕೊಳ್ಳುವ ಚೂರು ಕನ್ನಡಿ. ಹಣೆ ಕಂಡರೆ ಗಲ್ಲ ಕಾಣದು. ತನ್ನ ಮುಖವನ್ನು ಇಡಿಯಾಗಿ ಅವಳು ಎಲ್ಲಿ ನೋಡಿದ್ದಳು? ಆದರೆ ಕಲ್ಲಿನ ಮೇಲಿನವಳ ಮೂಗುತಿ ಎಡಮೂಗಿಗಿತ್ತು. ತಂಬೂರಿಯನ್ನು ಬಲಗೈಯಲ್ಲಿ ಮೀಟುತ್ತಿದ್ದಳು.

ನಜಮೋದ್ದೀನ ಟೋಪಿ ಸರಿಮಾಡಿಕೊಳ್ಳುತ್ತ, ನೆಲ ನೋಡುತ್ತ ಹೇಳಿದ. ಅಕ್ಷರಕ್ಕೆ ಕಾಗದದ ರೂಢಿ. ಕಾಗದದಿಂದ ಕಲ್ಲಿಗೆ ಒಮ್ಮೆ, ಕಲ್ಲಿನಿಂದ ಅಚ್ಚಿಗೆ ಒಮ್ಮೆ, ಎರಡು ಸಲ ತಿರುವಿ ಸರಿಯಾಗುತ್ತದೆ. ಈ ಚಿತ್ರವನ್ನು ಮಾತ್ರ ಮನ್ಮಥಪ್ಪ ಆಸೆಯಿಂದ ಜಿಡ್ಡಿನ ಕಡ್ಡಿ ಹಿಡಿದು ನೇರ ಕಲ್ಲಿನ ಮೇಲೇ ಬರೆದ. ಮಸಿ ಒರೆಸಿದರೂ ಆ ಜಿಡ್ಡು ಕಲ್ಲಿನೊಳಗೆ ಉಳಿಯುತ್ತದೆ, ಅದಕ್ಕೆ ನೀರು ಹತ್ತುವುದಿಲ್ಲ, ಕಲ್ಲು ತೊಯ್ದಾಗ ಗೆರೆ ತೋರುತ್ತದೆ. ಅಚ್ಚಿನಲ್ಲಿ ತಿರುವುಮುರುವು ಆಗುತ್ತದೆಂಬುದನ್ನೇ ಮರೆತ. ಮೊದಲ ಹಾಳೆ ಎತ್ತಿದಾಗ ಎಡ ಬಲವಾಗಿತ್ತು, ಬಲ ಎಡವಾಗಿತ್ತು. ಅಮೀರ ಪಾಶಾ ಅದನ್ನೇ ಮಾಣಿಕಬಾಯಿ ಅಂದ. ಮನ್ಮಥಪ್ಪ ಅಲ್ಲವೆನ್ನಲಿಲ್ಲ.

“ಅಂವ ನನಗ, ‘ಮಾಣಿಕಬಾಯಿನ್ನ ಎಷ್ಟೊತ್ತು ನೋಡಿ ಬಂದೇನಿ, ಕಡ್ಡಿ ಹಿಡದ್ರ ಕೈಗೆ ಆಕಿ ಬರವಲ್ಲಳು, ಈರಮ್ಮನ ಬರ್ತಾಳ’ ಅಂದ್ನರಿ. ‘ಮನಿ ಹೆಣ್ಣಮಗಳ ಮಾರಿ ಬಜಾರದಾಗ ಇಟ್ಟಂಗಾಗ್ತದ, ಯಾರಿಗೂ ಹೇಳಬ್ಯಾಡ’ ಅಂದ್ನರಿ. ನಿಮಗೊಬ್ಬರಿಗೆ ಹೇಳ್ತೇನಿ ಅಂತ ಅವತ್ತ ಪತ್ರಿಕಿ ಹಿಡಕೊಂಡು ಮನಿಗೆ ಬಂದಿದ್ನರಿ.”

ಈರಮ್ಮನ ಬೆರಳು ತಾನಾಗಿ ಎಡಮೂಗಿಗೆ ಹೋಯಿತು. ಬೆಳಿಗ್ಗೆ ಹೆಂಗಸರು ಮೂಗುತಿ ತೆಗೆದ ತೂತು ಇನ್ನೂ ಉರಿಯುತ್ತಿತ್ತು. ಭಾಲ್ಕಿಯ ಸಂತೆಯಲ್ಲಿ ತಾನು ಮುದ್ದೆ ಮಾಡಿ ಚರಂಡಿಗೆ ಎಸೆದ ಅರಿಸಿನದ ಪೊಟ್ಟಣದ ಕಾಗದ ನೆನಪಾಯಿತು. ವಾಡೆಯ ಬುಡಕ್ಕೆ ಬೈದ ಬೈಗುಳ ಒಂದೊಂದೂ ನೆನಪಾಯಿತು.

ಹೊತ್ತಾಯಿತು, ನಡೆಯಿರಿ ಎಂದರು ಅಯ್ಯನವರು. ಜನ ಊರ ಕಡೆ ಹೊರಟರು. ಬಿಸಿಲಿಗೆ ಕಲ್ಲು ಆರತೊಡಗಿತು. ಹಣೆ ಹೋಯಿತು, ಕಣ್ಣು ಹೋಗುತ್ತಿತ್ತು. ಈರಮ್ಮ ಚೊಂಬನ್ನು ಬೋರಲು ಹಾಕಿದಳು. ಅದರಲ್ಲಿ ಏನೂ ಇರಲಿಲ್ಲ. ಅವಳು ಮಣ್ಣಿನಲ್ಲಿ ಮೊಣಕಾಲೂರಿ ಕೂತು, ಪಾದ ತೊಳೆಯುವಾಗ ಒದ್ದೆಯಾಗಿದ್ದ ಸೆರಗಿನ ತುದಿಯನ್ನು ಕಲ್ಲಿನ ಮೇಲೆ ಹಿಡಿದು ಎರಡೂ ಕೈಯಿಂದ ಹಿಂಡಿದಳು. ಹನಿಗಳು ತುಟಿಯ ಮೇಲೆ ಬಿದ್ದವು, ನಿಲ್ಲದೆ ಜಾರಿದವು. ಅವಳು ಮತ್ತೆ ಹಿಂಡಿದಳು.