ಹೊಸ್ತಿಲು ಮುಗಿಯದ ಬಾಗಿಲು

ನಾನು ಅಂಗೈಯಗಲದ ಕಪ್ಪು ಬಟ್ಟೆ. ಮೊದಲು ಫಕೀರವ್ವನ ಚಂದ್ರಕಾಳಿ ಸೀರೆಯ ಸೆರಗಿನಲ್ಲಿದ್ದೆ. ಗಂಡ ಹೊಡೆಯುತ್ತ ಸೆರಗು ಹಿಡಿದೆಳೆದ ದಿನ ಹರಿದು ಬೇರೆಯಾದೆ. ನನ್ನನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಅವಳು ಧಾರವಾಡದ ಬಸ್ಸು ಹತ್ತಿದಳು. ಅವಳ ಬೆವರಿನಲ್ಲಿ ತೋಯ್ದು, ಅರೆನಿದ್ದೆಯಲ್ಲಿ ತೇಲುತ್ತ ಬಂದೆ.

ಮನೆಯವರ ಪೆಟ್ಟು ತಿಂದ ಹೆಂಗಸರಿಗೆ ಅಲ್ಲಿ ಮಾಲತಿಬಾಯಿ ಒಂದು ಸಂಸ್ಥೆ ಕಟ್ಟಿಕೊಂಡು ಆಸರೆ ಕೊಡುತ್ತಿದ್ದರು. ಫಕೀರವ್ವ ಬಿಳಿ ದಾರ ಕೇಳಿ ಪಡೆದು, ನನ್ನ ಮೇಲೆ ಕಸೂತಿಯಲ್ಲಿ ಒಂದು ಬಾಗಿಲು ಹೊಲಿಯತೊಡಗಿದಳು. ಕಸೂತಿಗೆ ಗಂಟು ಹಾಕುವಂತಿಲ್ಲ. ಸೂಜಿ ನಡುನಡುವೆ ಜಾಗ ಬಿಡುತ್ತ ಹೋಗಿ, ಅದೇ ಹಾದಿಯಲ್ಲಿ ಮರಳಿ ಬಂದು ಆ ಜಾಗಗಳನ್ನು ತುಂಬಬೇಕು.

ಚೌಕಟ್ಟು ಮುಗಿಯಿತು. ಹೊಸ್ತಿಲಿನ ಗೆರೆಯಲ್ಲಿ ಸೂಜಿ ಇನ್ನೂ ಮರಳಿರಲಿಲ್ಲ, ಅಷ್ಟರಲ್ಲಿ ಊರಿನ ಹಿರಿಯರು ಬಂದರು. ಗಂಡನ ಮನೆಗೆ ನಡಿ ಎಂದು ಬುದ್ಧಿ ಹೇಳಿದರು.

“ನಾ ಒಲ್ಲೆರಿ. ತಿರುಗಿ ಬರೂದಿಲ್ಲ,” ಎಂದಳು ಫಕೀರವ್ವ. ದಾರವನ್ನು ಹಲ್ಲಿನಿಂದ ಕಡಿದಳು. ಹೊಸ್ತಿಲು ಅರೆಬರೆಯಾಗಿಯೇ ಉಳಿಯಿತು. ನನಗಂತೂ ಹೆಮ್ಮೆಯೋ ಹೆಮ್ಮೆ.

ಆ ವಾರವೇ ಸಂಸ್ಥೆಯ ಬೋರ್ಡಿಗೆಂದು ಪೇಂಟರ್ ಮಹಾಶಯ ಒಂದು ಚಿತ್ರ ತಂದ. ಮುಖ ಮುಚ್ಚಿಕೊಂಡು ಅಳುವ ಹೆಂಗಸು.

“ಇದನ್ನ ಹೊರಗ ಹಾಕಿದ್ದಿದ್ರ ನಾ ಒಳಗ ಬರ್ತಿದ್ದಿಲ್ರಿ,” ಎಂದಳು ಫಕೀರವ್ವ. “ಓಣಿ ಮಂದಿ ನೋಡ್ತಾರ.”

ಮಾಲತಿಬಾಯಿ ಅವಳ ತೊಡೆಯ ಮೇಲಿದ್ದ ನನ್ನನ್ನು ಎತ್ತಿಕೊಂಡರು. ಪೇಂಟರ್ ನನ್ನನ್ನು ನೋಡಿಕೊಂಡು ಬೋರ್ಡಿನ ಮೇಲೆ ಅದೇ ಕಸೂತಿ ಬಾಗಿಲು ಬರೆದ. ಆದರೆ ಹೊಸ್ತಿಲಿನಲ್ಲಿ ಹೊಲಿಗೆ ತಪ್ಪಿದೆ ಎಂದು ತಿಳಿದು, ಒಂದೇ ದಪ್ಪ ಗೆರೆ ಎಳೆದು ಬಿಟ್ಟ. ಜಾಣತನ ತೋರಿಸಲು ಹೋದ ಪಾಪ! ಫಕೀರವ್ವ ಹಸಿ ಬಣ್ಣವನ್ನು ಉಗುರಿನಿಂದ ಕೆರೆದು, ಗೆರೆಯಲ್ಲಿ ಮತ್ತೆ ಸಂದು ಬಿಡಿಸಿದಳು.

ಆಮೇಲೆ ಹೆಂಗಸರು ಒಬ್ಬೊಬ್ಬರೇ ಬಂದರು. ಕಸೂತಿ ಕಲಿಯಾಕ ಹೊಂಟೀನಿ ಎಂದು ಮನೆಯಲ್ಲಿ ಹೇಳಿ ಬರುತ್ತಿದ್ದರು. ಓಣಿಗೆ ಅನುಮಾನ ಬರಲಿಲ್ಲ. ಕೆಲವರು ನಿಜಕ್ಕೂ ಕಲಿತರು.

ಈಗ ನನ್ನ ಕಪ್ಪು ಮಾಸಿ ಕಂದಾಗಿದೆ. ಗಾಜಿನ ಚೌಕಟ್ಟಿನೊಳಗೆ ತೂಕಡಿಸುತ್ತ ಹಳೆಯ ಬಸ್ಸಿನ ಕನಸು ಕಾಣುತ್ತೇನೆ. ಮೊನ್ನೆ ಮಧ್ಯಾಹ್ನ, ತಲೆ ನರೆತ ಫಕೀರವ್ವ ನನ್ನನ್ನು ಹೊರತೆಗೆದಳು. ಕಣ್ಣು ಹೋಗುವ ಮೊದಲು ಹೊಸ್ತಿಲು ಮುಗಿಸಬೇಕಂತೆ. ಅವಳು ಮರಳದೆ ಬಿಟ್ಟ ಹಾದಿಯಲ್ಲಿ ಸೂಜಿ ಮರಳುವುದೇ ಎಂದು ನನಗೆ ಭಯವಾಯಿತು. ಅವಳು ದಾರ ಪೋಣಿಸಿ ತಲೆಯೆತ್ತಿದರೆ, ಬೋರ್ಡಿನ ಕೆಳಗೆ ಒಬ್ಬ ಹೆಂಗಸು ನಿಂತಿದ್ದಳು. ಚಪ್ಪಲಿ ಬಿಡುತ್ತಿದ್ದಳು, ಮತ್ತೆ ಮೆಟ್ಟುತ್ತಿದ್ದಳು.

ಫಕೀರವ್ವ ಸೂಜಿಯಿಂದ ದಾರ ಎಳೆದುಬಿಟ್ಟಳು.

“ಬಾರವ್ವಾ,” ಎಂದಳು. “ಕಸೂತಿ ಕಲಿಯಾಕ ಬಂದೀ ಹೌದಲ್ಲ?”

ಆ ಹೆಂಗಸು ಹೌದೆಂದು ತಲೆಯಾಡಿಸಿ ಒಳಗೆ ಬಂದಳು.