ಕುನ್ನಿಗೆ ಮಣ್ಣು ಕೊಟ್ಟವರು

ನಿಜಗುಣಪ್ಪ ಮೊಮ್ಮಗಳನ್ನು ಗೋಡೆಗೆ ಒರಗಿಸಿ ಪದ್ಮಾಸನ ಹಾಕಿಸುತ್ತಿದ್ದ. ಅನ್ನಪೂರ್ಣಾಳ ಒಂದು ಮೊಣಕಾಲು ಮಣಿದರೆ ಇನ್ನೊಂದು ಏಳುತ್ತಿತ್ತು. ಮಠದ ಅಯ್ಯನವರು ವಿಭೂತಿ ಹಿಡಿದು ಕಾಯುತ್ತಿದ್ದರು. ಊರಿನಲ್ಲಿ ಯಾರು ತೀರಿಕೊಂಡರೂ ಹೆಣ ಕೂರಿಸಲು ಕರೆಯುವುದು ನಿಜಗುಣಪ್ಪನನ್ನೇ. ಇಂದು ಅವನ ಜೊತೆ ಕೈಹಚ್ಚಲು ಯಾರೂ ಬರಲಿಲ್ಲ.

ಹೆಂಗಸರು ಅಂಗಳದ ಆಚೆ ತುದಿಯಲ್ಲಿ ಕುಳಿತಿದ್ದರು.

“ಮುಟ್ಟಿದ್ರ ಬರತೈತಂತ, ಖರೇ ಏನ?” ನೆರೆಮನೆಯ ಗುರುಬಸವ್ವ ಕೇಳಿದಳು.

“ಲಗ್ನದಾಗ ಮೊದಲ್ನೇ ಪಂಕ್ತ್ಯಾಗ ಕುಂದ್ರಾಕಿ, ಇವತ್ತ ಗ್ವಾಡಿ ಹಿಡದೀ ನೋಡು,” ರಾಯವ್ವ ಕುಟುಕಿದಳು.

“ನಿನ್ನ ಬಾಯಿಗಿಷ್ಟು! ಅಲ್ಲವಾ, ನಾಯಿ ಕಡದಽ ಇಲ್ಲಂತ. ಕಡೀದನ ಹುಚ್ಚನಾಯಿ ಬ್ಯಾನಿ ಹೆಂಗ ಬರತೈತಿ?”

“ಡಾಕ್ಟರೂ ಅದನ್ನ ಕೇಳಿದ್ರಂತ. ಹಡದಾಕಿಗೇ ಗೊತ್ತಿಲ್ಲ.”

ಹಡೆದವಳು, ನಾಗರತ್ನಾ, ಒಳಬಾಗಿಲಿಗೆ ಒರಗಿ ಕುಳಿತಿದ್ದಳು.

ರಾಯವ್ವನ ಮೊಮ್ಮಗಳು ಭಾಗೀರಥಿ ಅನ್ನಪೂರ್ಣಾಳ ಓರಗೆಯವಳು. ಅಪ್ಪ ಬಸವಣ್ಣೆಪ್ಪನ ಕೈ ಬಿಡಿಸಿಕೊಂಡು ಪಡಸಾಲೆಗೆ ಬಂದವಳು ಸ್ವಲ್ಪ ಹೊತ್ತು ನೋಡುತ್ತ ನಿಂತಳು.

“ಅಜ್ಜಾ, ಗದ್ದದ ಬುಡಕ ಅರಿವಿ ಸುತ್ತಿ ಇಡ್ರಿ. ಇಲ್ಲಂದ್ರ ತಲಿ ಬೀಳತೈತಿ.”

ನಿಜಗುಣಪ್ಪ ಇಟ್ಟ. ತಲೆ ನಿಂತಿತು.

“ನಿನಗ ಯಾರವಾ ಕಲಿಸಿದ್ರು?”

“ಅನಪೂರ್ಣಿನಽ. ಕುನ್ನಿ ಸತ್ತಾಗ ಹಿಂಗ ಕುಂದ್ರಿಸಿದ್ವಿ.”

*

ಕಬ್ಬಿನ ಹೊಲದ ಬದುವಿನಲ್ಲಿ ಸಿಕ್ಕ ನಾಯಿಮರಿ ಅದು. ಅನ್ನಪೂರ್ಣಾ ತನ್ನ ಪಾಲಿನ ಹಾಲನ್ನು ಅದಕ್ಕೆ ಒಯ್ಯುತ್ತಿದ್ದಳು. ಒಂದು ದಿನ ಅದು ಹಾಲು ಬಿಟ್ಟು ಅವಳ ಕೈಗೆ ಹಲ್ಲು ಹಾಕಿತು. ಬೈಗುಳಕ್ಕೆ ಹೆದರಿ, ಮನೆಯಲ್ಲಿ ಮುಳ್ಳು ತರಚಿತೆಂದಳು. ನಾಗರತ್ನಾ ಅರಿಸಿನ ಹಚ್ಚಿ, ಊದಿ, ಬೆಲ್ಲದ ಚೂರು ಕೊಟ್ಟು ಸಾಲೆಗೆ ಕಳಿಸಿದಳು.

ಮರಿ ಸತ್ತಾಗ ಅನ್ನಪೂರ್ಣಾ ಅಜ್ಜನ ವಿಭೂತಿ ಕದ್ದು ತಂದಳು. ಅಜ್ಜನ ಬೆರಳು ಹಿಡಿದು ಸಾವಿನ ಮನೆಗಳಿಗೆ ಹೋಗಿ ನೋಡಿದ್ದೆಲ್ಲ ಅವಳಿಗೆ ಬಾಯಿಪಾಠವಾಗಿತ್ತು. ಮರಿಯನ್ನು ಕೂರಿಸಿದಳು, ಗದ್ದಕ್ಕೆ ಅರಿವೆ ಕೊಟ್ಟಳು, ಹಣೆಗೆ ಮೂರು ಬೆರಳು ಎಳೆದಳು. ಹಲ್ಲು ಬಿದ್ದ ಬಾಯಲ್ಲಿ ಅಜ್ಜ ಹೆಣದ ಮುಂದೆ ಹಾಡುವ ಪದ ತೊದಲುತ್ತಿದ್ದರೆ ಭಾಗೀರಥಿ ಚಪ್ಪಾಳೆ ತಟ್ಟಿದಳು. ಇಬ್ಬರೂ ಮಣ್ಣು ಎಳೆದು, ಕೈ ಝಾಡಿಸಿ, ಸಾಲೆಗೆ ಓಡಿದರು.

*

“ನಿನಗ ಕಡದಿತ್ತೇನು?” ನಿಜಗುಣಪ್ಪನ ಕೈ ಮೊಮ್ಮಗಳ ಹೆಗಲ ಮೇಲೆಯೇ ಇತ್ತು.

“ಇಲ್ರಿ. ಬರೇ ಹಲ್ಲ ತಾಗಿತ್ತು.” ಹುಡುಗಿ ಲಂಗ ಸರಿಸಿ ಮೀನಖಂಡ ತೋರಿಸಿದಳು.

ಬಸವಣ್ಣೆಪ್ಪ ಬಗ್ಗಿ ನೋಡಿದ. “ಮಾಯ್ದೈತಲ್ರಿ ಕಾಕಾ.”

“ಇಕೀದೂ ಮಾಯ್ದಿತ್ತು,” ನಿಜಗುಣಪ್ಪ ಮೊಮ್ಮಗಳ ಕೈ ತೋರಿಸಿದ.

ರಾಯವ್ವ ಒಳಗೆ ಬಂದಳು. “ಮಣ್ಣ ಆಗಲಿ ತಡೀರಿ. ಹೆಣಾ ಬಿಟ್ಟ ಎದ್ದು ಹೋದ್ರ ಮಂದಿ ಏನಂದಾರು? ದವಾಖಾನಿಗೆ ನಾಳೆ ಹೋದ್ರಾತು.”

ಬಸವಣ್ಣೆಪ್ಪ ತಾಯಿಯ ಮುಖ ನೋಡಿದ, ಕೂರಿಸಿದ ಹೆಣವನ್ನು ನೋಡಿದ.

ನಾಗರತ್ನಾ ಎದ್ದಳು. “ಬ್ಯಾನಿ ಸುರು ಆಗೂಕಿಂತ ಮೊದಲ ಸೂಜಿ ಮಾಡಿಸಿದ್ರ ಉಳೀತಿದ್ಲು ಅಂದ್ರು ಡಾಕ್ಟರು ನನಗ. ಇಕಿಗೆ ಇನ್ನೂ ಸುರು ಆಗಿಲ್ಲ. ನಡಿಯಣ್ಣಾ.”

ಅನ್ನಪೂರ್ಣಾಳ ಅಪ್ಪ ಗಂಡಸರನ್ನು ಕರೆದುಕೊಂಡು ಹೊಲದಲ್ಲಿ ಕುಣಿ ತೋಡಿಸಲು ಹೋಗಿದ್ದ. ಬೈಕುಗಳೆಲ್ಲ ಅಲ್ಲಿದ್ದವು. ಬಾಗಿಲಲ್ಲಿ ಇದ್ದದ್ದು ಮಾಳಪ್ಪನ ಟಂಟಂ ಆಟೋ ಒಂದೇ. ಹೆಣ ಒಯ್ಯಲೆಂದು ಅದಕ್ಕೆ ಬಾಳೆಗಿಡ ಕಟ್ಟಿ ಚೆಂಡುಹೂವಿನ ಮಾಲೆ ಇಳಿಬಿಟ್ಟಿದ್ದರು.

“ಇದರಾಗ ಹೆಂಗ್ರೀ ಅಕ್ಕಾರ, ಜೀವಂತ ಕೂಸು...” ಮಾಳಪ್ಪ ತಡವರಿಸಿದ. “ಬಿಚ್ಚಿ ಬಿಡ್ಲೇನ್ರಿ?”

“ಬಿಚ್ಚಕೋತ ಕುಂದ್ರಬ್ಯಾಡ. ಹೋಗು.”

“ಮತ್ತ ಇಲ್ಲಿ?”

“ನನ್ನ ಮಗಳು ಕುಂತಾಳ. ಕಾಯತಾಳ.”

ಒಳಗೆ ನಿಜಗುಣಪ್ಪ ಪದ ಎತ್ತಿದ. ಟಂಟಂ ಸವದತ್ತಿಯ ದವಾಖಾನೆಯ ದಾರಿ ಹಿಡಿಯಿತು. ಮನೋಳಿಯಲ್ಲಿ ಬಾಳೆಗಿಡ ಕಂಡವರು ಬೈಕು ನಿಲ್ಲಿಸಿದರು. ಚಹಾದಂಗಡಿಯ ಮುದುಕರು ಟೋಪಿ ತೆಗೆದು, ಎದ್ದು ನಿಂತು ಕೈಮುಗಿದರು. ಹೂವಿನ ನಡುವೆ ಅಪ್ಪನ ತೊಡೆಯ ಮೇಲೆ ಕುಳಿತ ಭಾಗೀರಥಿ ಒಬ್ಬರನ್ನೂ ಬಿಡದೆ, ಎಲ್ಲರಿಗೂ ತಿರುಗಿ ಕೈಮುಗಿಯುತ್ತ ಹೋದಳು.